ಕೆಳಗಿನ ಖಾನೆ

ಮೂರು ಬೆರಳನ್ನು ನೀರಿಗೆ ಅದ್ದಿ ವಿಭೂತಿ ಗಟ್ಟಿಯ ಮೇಲೆ ತಿಕ್ಕಿದ ಕಲ್ಲಯ್ಯ, ಅವನ್ನು ಹಣೆಗೆ ಒಯ್ಯದೆ ಹಾಗೇ ನೋಡುತ್ತ ಕುಳಿತ. ಬೂದಿ ಇನ್ನೂ ಹಸಿ. ಹಸಿ ಇದ್ದಾಗ ಅದಕ್ಕೆ ಬಣ್ಣವೇ ಇರುವುದಿಲ್ಲ, ಎಲ್ಲಿ ತಾಗಿತು ಎಂಬುದೂ ಗೊತ್ತಾಗುವುದಿಲ್ಲ. ಒಣಗಿದ ಮೇಲೆಯೇ ಬೆಳ್ಳಗೆ ಎದ್ದು ಕಾಣುವುದು. ಎಂಟನೆಯ ವಯಸ್ಸಿಗೆ ದೀಕ್ಷೆಯಾದಂದಿನಿಂದ ಐವತ್ತು ವರ್ಷ ದಿನಾ ಹಚ್ಚಿಕೊಂಡರೂ ಇಷ್ಟು ಸಣ್ಣ ಮಾತು ಅವನ ಲಕ್ಷ್ಯಕ್ಕೆ ಬಂದದ್ದು ನಿನ್ನೆ, ಶನಿವಾರ ಮಧ್ಯಾಹ್ನ, ದವಾಖಾನೆಯ ಕೆಳಗಿನ ಖಾನೆಯಲ್ಲಿ ಮಾಯಕ್ಕನ ಕಾರ್ಡು ಸಿಕ್ಕಾಗ. ಆ ಕಾರ್ಡು ಈಗ ಬಾಗಿಲ ಹಿಂದಿನ ಗೂಟಕ್ಕೆ ಹಾಕಿದ ಕೈಚೀಲದಲ್ಲಿತ್ತು. ಎಡಗೈಯಲ್ಲಿ ಇಷ್ಟಲಿಂಗ ಹಾಗೇ ಕಾಯುತ್ತಿತ್ತು, ಬಲಗೈ ಮಾತ್ರ ಮೇಲೇಳಲೊಲ್ಲದು. ಕಡೆಗೆ ಹಚ್ಚಿಕೊಂಡ. ಹಚ್ಚಿಕೊಳ್ಳದೆ ಹೊರಗೆ ಬಿದ್ದರೆ ಕೆಳಗಿನ ಹಿಟ್ಟಿನ ಗಿರಣಿಯ ಚನ್ನಬಸಯ್ಯ ‘ಯಾಕ್ರಿ ಅಯ್ಯಾರ, ಇವತ್ತ ಬೋಳ ಹಣಿ’ ಎಂದು ಕೇಳಿಯೇ ಬಿಡುತ್ತಾನೆ. ಆಮೇಲೆ ಅದಕ್ಕೊಂದು ಸುಳ್ಳು ಹುಡುಕಬೇಕು. ನಿನ್ನೆಯಿಂದ ಒಂದೇ ಒಂದು ಸುಳ್ಳು ಹೊತ್ತು ಅವನು ಸುಸ್ತಾಗಿ ಹೋಗಿದ್ದ. ಅಂಗಿ ತೊಟ್ಟು ಫೋನು ನೋಡಿದರೆ ಅದರಲ್ಲಿ ಎರಡೇ ಗೆರೆ ಚಾರ್ಜು ಉಳಿದಿತ್ತು. ರವಿವಾರ ಅವನು ಫೋನನ್ನು ಚಾರ್ಜಿಗೆ ಹಚ್ಚುವುದಿಲ್ಲ. ದವಾಖಾನೆಗೆ ರಜೆ ಇದ್ದ ದಿನ ಅವನಿಗೆ ಯಾರ ಫೋನೂ ಬರುವುದಿಲ್ಲ, ಸುಮ್ಮನೆ ಕರೆಂಟು ಯಾಕೆ. ಹಾಗೇ ಕಿಸೆಗೆ ಹಾಕಿಕೊಂಡು ಬೀಗ ಹಾಕಿದ.

ನಗಬೇಕಾದ ಸಂಗತಿಯೆಂದರೆ ಕಲ್ಲಯ್ಯನ ಕೆಲಸವೇ ಫೋನು ಮಾಡುವುದು. ರಾಮತೀರ್ಥ ನಗರದ ಆ ದವಾಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ಮಾಡಿದ್ದು ಅದನ್ನೇ. ಹಿರಿಯ ಡಾಕ್ಟರು ಗಂಗಾದೇವಿ ಬಾಯಾರು ಅವನನ್ನು ಕೆಲಸಕ್ಕೆ ಇಟ್ಟುಕೊಂಡ ದಿನವೇ ಹೇಳಿದ್ದರು, “ಜಡ್ಡು ಬಂದಮ್ಯಾಲೆ ಬರೋರಿಗೆ ಬೆಳಗಾವ್ಯಾಗ ದವಾಖಾನಿ ಕಮ್ಮಿ ಇಲ್ಲ ಕಲ್ಲಯ್ಯ. ನಾವು ಜಡ್ಡು ಬರೂಕಿಂತ ಮೊದಲ ಕರದು ನೋಡೂಣು.” ಅದಕ್ಕಾಗಿ ಒಬ್ಬೊಬ್ಬರಿಗೂ ಒಂದು ದಪ್ಪ ಕಾಗದದ ಕಾರ್ಡು, ಕಾರ್ಡಿನ ತಲೆಯ ಮೇಲೆ ತಿಂಗಳ ಹೆಸರು. ಸಕ್ಕರೆ ಇದ್ದವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಒಳಗಿನ ಫೋಟೋ, ಪಾದಕ್ಕೆ ನೈಲಾನ್ ಎಳೆ ತಾಗಿಸಿ ಸ್ಪರ್ಶ ಇದೆಯೋ ಇಲ್ಲವೋ ನೋಡುವುದು. ಬಿಪಿ ಇದ್ದವರಿಗೆ ಬೇರೆ, ಮೂವತ್ತು ದಾಟಿದ ಹೆಣ್ಣುಮಕ್ಕಳಿಗೆ ಬೇರೆ, ಕೂಸುಗಳ ಚುಚ್ಚುಮದ್ದಿಗೆ ಬೇರೆ. ತಿಂಗಳು ಹುಟ್ಟಿದ ಕೂಡಲೆ ಆ ತಿಂಗಳ ಕಾರ್ಡುಗಳನ್ನು ಮೇಲಿನ ಖಾನೆಯಿಂದ ತೆಗೆದು ಒಂದೊಂದಾಗಿ ಫೋನು ಹಚ್ಚುತ್ತಿದ್ದ. “ಸಕ್ಕರಿ ಹೆಂಗೈತ್ರಿ? ವರ್ಷ ಆತು, ಬಂದ್ ಹೋಗ್ರಿ.” ಕೆಲವರು ಬೈಯುತ್ತಿದ್ದರು, ಆರಾಮ ಇದ್ದವರನ್ನ ಕರೆದು ಜಡ್ಡು ಹಚ್ಚುತ್ತೀರೆಂದು. ಕೆಲವರು ನಾಳೆ ಬರುತ್ತೇವೆಂದು ವರ್ಷಗಟ್ಟಲೆ ನಾಳೆ ಅನ್ನುತ್ತಿದ್ದರು. ಬಂದವರೂ ಬಹಳ. ಮನೆಯಲ್ಲಿ ಒಬ್ಬನೇ ಇರುವ ಮನುಷ್ಯ ದಿನಕ್ಕೆ ಮೂವತ್ತು ಮನೆಯವರ ಕೂಡ ಮಾತಾಡುತ್ತಿದ್ದ. ಊರಿಗೆ ಉಪಕಾರಿ ಎಂದು ತನ್ನನ್ನು ತಾನೇ ಛೇಡಿಸಿಕೊಳ್ಳುತ್ತಿದ್ದ. ಗಾದೆಯ ಇನ್ನರ್ಧವನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಯಾರಾದರೂ ತೀರಿಕೊಂಡರೆ ಅವರ ಕಾರ್ಡು ಹರಿಯಬೇಕು ಎಂಬುದು ನಿಯಮ. ಮೊದಲ ಸಲ ಹರಿಯಲು ಹೋದಾಗ ಕೈ ಬರಲಿಲ್ಲ. ಎಷ್ಟಾದರೂ ಅಯ್ಯನ ಮನೆತನ. ಮೇಜಿನಲ್ಲಿ ಒಂದು ಸಣ್ಣ ವಿಭೂತಿ ಗಟ್ಟಿ ಇಟ್ಟುಕೊಂಡ. ಸತ್ತ ಸುದ್ದಿ ಬಂದ ದಿನ ಬೆರಳು ಒದ್ದೆ ಮಾಡಿ, ಬೂದಿ ತಿಕ್ಕಿ, ಕಾರ್ಡಿನ ಬಲಮೂಲೆಗೆ ಹಚ್ಚಿ, ಕೆಂಪು ಮಸಿಯಲ್ಲಿ ತಾರೀಖು ಬರೆದು ಕೆಳಗಿನ ಖಾನೆಗೆ ಇಡುತ್ತಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ. ಒಮ್ಮೆ ಗಂಗಾದೇವಿ ಬಾಯಾರು ನೋಡಿದರು, ಚಷ್ಮಾ ಸರಿಮಾಡಿಕೊಂಡು ಒಳಗೆ ಹೋದರು. ಈಗ ಅವರು ವಾರಕ್ಕೆರಡು ದಿನ ಬರುತ್ತಾರೆ. ದವಾಖಾನೆ ನಡೆಸುವವರು ಅವರ ಮಗಳು ಡಾಕ್ಟರ್ ಸೃಷ್ಟಿ. ನಿನ್ನೆ ಬೆಳಿಗ್ಗೆ ಎಂಟು ಜನ ಪೇಷಂಟುಗಳ ಎದುರಿಗೆ ಆಕೆ ನಗುನಗುತ್ತಲೇ ಹೇಳಿದ್ದಳು, “ಕಲ್ಲಯ್ಯ ಅವರ, ಬರೂ ತಿಂಗಳಿಂದ ಫೋನ್ ಮಾಡೂ ತ್ರಾಸು ನಿಮಗಿಲ್ಲ. ಎಲ್ಲಾ ಕಂಪ್ಯೂಟರಿಗೆ ಹಾಕೂದದ. ಅದ ತಾನ ಮೆಸೇಜ್ ಕಳಸ್ತದ, ಒಬ್ಬರೂ ತಪ್ಪಂಗಿಲ್ಲ.” ಬೆಂಚಿನ ಮೇಲಿನ ಮುದುಕನೊಬ್ಬ, “ಆರಾಮ ಆತಲ್ರಿ ನಿಮಗ” ಎಂದ. ಕಲ್ಲಯ್ಯನೂ ನಕ್ಕ. ನಗುವುದು ಬಿಟ್ಟು ಬೇರೆ ಏನು ಮಾಡಬೇಕೋ ತೋಚಲಿಲ್ಲ.

ಅದಾದ ಮೇಲೆ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಆ ಫೋನು ಬಂತು. “ನಾ ಖಾನಾಪುರದಿಂದ ಪ್ರಮಿಳಾ ಮಾತಾಡೂದ್ರಿ, ಮಾಯಕ್ಕನ ಸೊಸಿ. ನಮ್ಮ ಅತ್ತೀದು ಹಳೇ ಸಕ್ಕರಿ ಕಾಗದ ಬೇಕಾಗಿತ್ರಿ.” ಆಕೆ ತೀರಿಕೊಂಡು ಎರಡು ವರ್ಷವಾಯಿತಲ್ಲ ಎಂಬ ಮಾತು ಕಲ್ಲಯ್ಯನ ಹಲ್ಲಿನ ತನಕ ಬಂದಿತ್ತು. “ಯಾಕ್ರಿ, ಏನಾಗೇತಿ?” ಎಂದಷ್ಟೇ ಕೇಳಿದ. “ಎಡಗಣ್ಣು ಹೋದಂಗ ರೀ. ಸಕ್ಕರಿ ಒಳಗಿಂದೊಳಗ ತಿಂದೈತಂತ. ನೆಹರು ನಗರದ ದೊಡ್ಡ ದವಾಖಾನ್ಯಾಗ ತೋರಸಾಕತ್ತೀವಿ. ವರ್ಷಾ ತಪಾಸಣಿ ಮಾಡಿಸಿದ್ರ ಉಳೀತಿತ್ತು ಅಂದ್ರು. ಬಲಗಣ್ಣರ ಉಳಸೂಣು ಅಂತ ಬುಧವಾರ ಲೇಸರ್ ಹಚ್ಚತಾರ್ರಿ. ಹಳೇ ಕಾಗದ ತರ್ರಿ ಅಂದಾರ.” ಹುಡುಕುತ್ತೇನೆಂದು ಫೋನಿಟ್ಟ. ಮೇಲಿನ ಖಾನೆಯಲ್ಲಿ ಇರಲಿಲ್ಲ. ಕೆಳಗಿನ ಖಾನೆ ಎಳೆದ. ಎರಡು ವರ್ಷದ ಹಿಂದೆ ತೀರಿಕೊಂಡ ಸಿದರಾಯ ಮಾಸ್ತರರ ಕಾರ್ಡಿನ ಬೆನ್ನಿಗೇ ಅಂಟಿಕೊಂಡು ಕುಳಿತಿತ್ತು, ಬಲಮೂಲೆಯಲ್ಲಿ ಬೆಳ್ಳನೆಯ ಬೂದಿ. ಕೆಂಪು ತಾರೀಖು ಇರಲಿಲ್ಲ. ಇರುವುದೆಲ್ಲಿಂದ, ಆಕೆ ಸತ್ತಿರಲೇ ಇಲ್ಲ. ಕಲ್ಲಯ್ಯ ಖಾನೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾಗಲೇ ಡಾಕ್ಟರ್ ಸೃಷ್ಟಿ ಬಾಗಿಲಿಂದ ಇಣುಕಿ, “ಏನ ಹುಡುಕಾಕತ್ತೀರಿ?” ಎಂದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಅವನ ಕೈ ಕಾರ್ಡಿನ ಮೂಲೆಯನ್ನು ಮುಚ್ಚಿತು. “ಖಾನಾಪುರದ ಒಬ್ಬಾಕಿ ಕಾರ್ಡ್ ರೀ. ಸಿಗವಲ್ದು. ಆಕಿ ಊರು ಬಿಟ್ಟಾಗ ಎಲ್ಲೋ ತಪ್ಪೈತಿ.” ಡಾಕ್ಟರ್ ಒಳಗೆ ಹೋದಳು. ಅವನು ಕಾರ್ಡನ್ನು ಬುತ್ತಿಯ ಚೀಲಕ್ಕೆ ಸೇರಿಸಿದ.

ಖಾನಾಪುರದ ಬಸ್ಸು ಪಿರನವಾಡಿ ದಾಟಿ ಮಚ್ಛೆಯ ಹತ್ತಿರ ಬಂದಾಗ ಕಿಟಕಿಯಿಂದ ಬಿಸಿಲು ನೇರವಾಗಿ ತೊಡೆಯ ಮೇಲೆ ಬಿತ್ತು. ಕಲ್ಲಯ್ಯ ಕಾರ್ಡು ಹೊರಗೆ ತೆಗೆದ. ಕೊಟ್ಟು ಬಂದರಾಯಿತು. ಸಿಕ್ಕಿತು, ತಂದಿದ್ದೇನೆ, ತಗೋರಿ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕರವಸ್ತ್ರದ ತುದಿಗೆ ಎಂಜಲು ಹಚ್ಚಿ ಮೂಲೆಯನ್ನು ತಿಕ್ಕಿದ. ಬೂದಿ ಬಂತು, ಕಾಗದ ಸ್ವಲ್ಪ ಮಾಸಿದಂತೆ ಉಳಿಯಿತು, ಅಷ್ಟೇ. ಎರಡು ವರ್ಷ ಒಂದು ಹೆಂಗಸನ್ನು ಸತ್ತವರ ನಡುವೆ ಹಿಡಿದಿಟ್ಟದ್ದು ಅರ್ಧ ನಿಮಿಷದಲ್ಲಿ ಕರವಸ್ತ್ರಕ್ಕೆ ಬಂದುಬಿಟ್ಟಿತು. ಯಾರಿಗೂ ಗೊತ್ತಾಗುವಂತಿಲ್ಲ. ಪಕ್ಕದಲ್ಲಿ ಕೂತಿದ್ದವನು ಕೊತ್ತಂಬರಿ ಗಂಟನ್ನು ಕಾಲಿನಿಂದ ಒಳಗೆ ಸರಿಸುತ್ತ ಏನೋ ಅಂದ, ಕಲ್ಲಯ್ಯ ಹೂಂ ಎಂದ. ಎರಡು ವರ್ಷದ ಹಿಂದಿನ ಆ ದಿನ ಶ್ರಾವಣ ಸೋಮವಾರ. ಸಿದರಾಯ ಮಾಸ್ತರು ಹೋದ ಸುದ್ದಿ ಬಂದಿತ್ತು. ಅವರ ಕಾರ್ಡಿಗೆ ಬೂದಿ ಹಚ್ಚಿ, ತಾರೀಖು ಬರೆದು, ಕೈ ಒರೆಸದೆ ಆ ತಿಂಗಳ ಮುಂದಿನ ಕಾರ್ಡು ಎಳೆದರೆ ಅದು ಮಾಯಕ್ಕನದು. ನಂಬರಿನ ನಾಲ್ಕು ಅಂಕಿ ಒತ್ತಿದ. ಆಮೇಲೆ ಫೋನು ಕೆಳಗಿಟ್ಟು ‘ನಾಳೆ ಮಾಡಿದರಾಯಿತು’ ಎಂದು ಕಾರ್ಡನ್ನು ಮೇಜಿನ ಅಂಚಿಗೆ ಸರಿಸಿದ. ಸಂಜೆ ಮೇಜು ತೆರವು ಮಾಡುವಾಗ ಮೂಲೆ ಬೆಳ್ಳಗಾಗಿತ್ತು. ಬೂದಿ ನೋಡಿದ, ಹೆಸರು ನೋಡಲಿಲ್ಲ. ಎರಡೂ ಕಾರ್ಡು ಒಟ್ಟಿಗೆ ಕೆಳಗಿನ ಖಾನೆಗೆ ಹೋದವು. ನಡೆದದ್ದು ಇಷ್ಟು. ನಡೆದದ್ದು ಇಷ್ಟೇ ಆಗಿದ್ದರೆ ಅವನು ಎಂಜಲು ಹಚ್ಚಿ ತಿಕ್ಕುತ್ತ ಕೂರುತ್ತಿರಲಿಲ್ಲ.

ನಾಲ್ಕು ಅಂಕಿಗೇ ಯಾಕೆ ನಿಂತ? ಅದರ ಹಿಂದಿನ ವರ್ಷ ಮಾಯಕ್ಕ ಫೋನಿನಲ್ಲಿ ನಕ್ಕಿದ್ದಳು. ರಾಮತೀರ್ಥ ನಗರದಲ್ಲಿ ಮನೆಗಳಿಗಿಂತ ಖಾಲಿ ಪ್ಲಾಟುಗಳೇ ಹೆಚ್ಚಿದ್ದ ಕಾಲಕ್ಕೆ ಅಲ್ಲಿ ಕುರಿ ಮೇಯಿಸಿದ ಹೆಂಗಸು. ಮಗನಿಗೆ ಖಾನಾಪುರದ ತಾಲೂಕು ಕಚೇರಿಯಲ್ಲಿ ಕೆಲಸವಾದ ಮೇಲೆ ಅಲ್ಲಿಗೆ ಹೋದಳು, ಆದರೂ ಫೋನು ಹೋದ ವಾರದೊಳಗೆ ಬಸ್ಸು ಹತ್ತಿ ಬರುತ್ತಿದ್ದಳು. ಉಳಿದವರು ಹೂಂ ಎಂದು ಇಟ್ಟುಬಿಟ್ಟರೆ ಈಕೆ ಕುರಿ, ಮಳೆ, ಸೊಸೆ, ಮಂಡಿನೋವು ಎಲ್ಲ ಹೇಳಿ ಕಾಲು ಗಂಟೆ ಮಾಡುತ್ತಿದ್ದಳು. ಶ್ರಾವಣ ಬಂದರೆ ಆ ಕಾಲು ಗಂಟೆಯನ್ನು ಕಲ್ಲಯ್ಯ ಕಾಯುತ್ತಿದ್ದ, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಆ ವರ್ಷ ಎಲ್ಲ ಮಾತು ಮುಗಿದ ಮೇಲೆ ಆಕೆ, “ಊರ ಮಂದಿನೆಲ್ಲಾ ಕೇಳ್ತೀರಿ ಅಯ್ಯಾರ, ನಿಮ್ಮನ್ನ ಯಾರ ಕೇಳ್ತಾರ? ನಿಮಗ ಯಾರದಾರ್ರಿ ಫೋನ್ ಮಾಡಾಕ?” ಎಂದು ನಕ್ಕಳು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಅವನೂ ನಕ್ಕು ಫೋನಿಟ್ಟ. ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಒಂದು ವರ್ಷದ ನಂತರ ಅದೇ ನಂಬರು ಒತ್ತುವಾಗ ಆ ಮಾತು ಮತ್ತೆ ಬರುತ್ತದೆಂದು ಬೆರಳು ಹಿಂಜರಿಯಿತು. ಮುಂದಿನ ಶ್ರಾವಣದಲ್ಲಿ ಆ ತಿಂಗಳ ಕಟ್ಟಿನಲ್ಲಿ ಆಕೆಯ ಕಾರ್ಡು ಇಲ್ಲವೆಂದು ಅವನಿಗೆ ಗೊತ್ತಾಗಿತ್ತು. ಹೋದಳೇನೋ, ಯಾರೋ ಹೇಳಿರಬೇಕು, ನಾನೇ ಬೂದಿ ಹಚ್ಚಿರಬೇಕು ಎಂದುಕೊಂಡ. ಕೆಳಗಿನ ಖಾನೆ ಎಳೆದು ನೋಡಲು ಎರಡು ಹೆಜ್ಜೆ ಸಾಕಿತ್ತು. ಪಾಪ ಎಂದದ್ದು ಖರೆ. ಎದೆಯಲ್ಲಿ ಒಂದಿಷ್ಟು ಹಗುರಾದದ್ದೂ ಖರೆ.

ಖಾನಾಪುರ ಸ್ಟ್ಯಾಂಡಿನಲ್ಲಿ ಇಳಿದಾಗ ಹನ್ನೊಂದಾಗಿತ್ತು. ಅಲ್ಲಿಂದಲೇ ಹಿಂದಿರುಗುವ ಬಸ್ಸು ಬಾಗಿಲು ತೆರೆದುಕೊಂಡು ನಿಂತಿತ್ತು, ಕಂಡಕ್ಟರು ಬೆಳಗಾವಿ ಬೆಳಗಾವಿ ಎಂದು ಅವನ ಮುಖಕ್ಕೇ ಕೂಗಿದ. ಕಾರ್ಡಿನಲ್ಲಿ ವಿಳಾಸವಿತ್ತು. ಎಲೆ ಅಡಿಕೆ ಅಂಗಡಿಯವನನ್ನು ಕನ್ನಡದಲ್ಲಿ ಕೇಳಿದರೆ ಅವನು ಮರಾಠಿಯಲ್ಲಿ, “ಸರಳ ಜಾ, ಮಗ ಡಾವೀಕಡೆ” ಎಂದು ಮಲಪ್ರಭೆಯ ದಿಕ್ಕಿಗೆ ಕೈ ಮಾಡಿದ. ನೇರ ಹೋಗಿ ಎಡಕ್ಕೆ ಹೊರಳಿದ. ಹಂಚಿನ ಮನೆ, ಮುಂದೆ ಸಣ್ಣ ಕಟ್ಟೆ. ಕಟ್ಟೆಯ ಮೇಲೆ ಮಾಯಕ್ಕ ಕದಿರು ಹಿಡಿದು ಉಣ್ಣೆ ನೂಲುತ್ತಿದ್ದಳು. ನೂಲಿನ ಕಡೆಗೆ ಆಕೆ ನೋಡುತ್ತಿರಲಿಲ್ಲ, ಬೆರಳುಗಳೇ ಎಳೆಯ ದಪ್ಪ ಅಳೆಯುತ್ತಿದ್ದವು. ಮುಖ ಬೀದಿಯ ಕಡೆಗಿದ್ದರೂ ಅವನು ಮೂರು ಮಾರು ದೂರ ಬಂದು ನಿಂತದ್ದು ಆಕೆಗೆ ಕಾಣಲಿಲ್ಲ. ಏನೆಂದು ಮಾತು ತೆಗೆಯುವುದೆಂದು ಬಸ್ಸಿನಲ್ಲಿ ನಾಲ್ಕು ರೀತಿ ಯೋಚಿಸಿದ್ದ. ಬಾಯಿ ಮಾತ್ರ ಇಪ್ಪತ್ತೆರಡು ವರ್ಷದ ರೂಢಿಯನ್ನು ಬಿಡಲಿಲ್ಲ.

“ಮಾಯಕ್ಕಾರ, ಸಕ್ಕರಿ ಹೆಂಗೈತ್ರಿ?”

ಕದಿರು ಕೈಯಿಂದ ಜಾರಿ ಕಟ್ಟೆಯ ಕೆಳಗೆ ಉರುಳಿತು. ಮಾಯಕ್ಕ ಅಲುಗಾಡಲಿಲ್ಲ. “ಪ್ರಮಿಳಾ,” ಎಂದು ಮೆಲ್ಲಗೆ ಕರೆದಳು, “ಹೊರಗ ಬಾ. ಬೆಳಗಾವಿ ಅಯ್ಯಾರ ಧ್ವನಿ ಕೇಳಾಕತ್ತೈತಿ ನನಗ.”

ಒದ್ದೆ ಕೈ ಒರೆಸುತ್ತ ಬಂದ ಸೊಸೆ ಕಲ್ಲಯ್ಯನನ್ನು ನೋಡಿದಳು, ಹಣೆಯ ವಿಭೂತಿ ನೋಡಿದಳು. “ಖರೇನ ಬಂದಾರತ್ತಿ. ಇಲ್ಲೇ ನಿಂತಾರ.”

“ಅವರು ಹೋಗ್ಯಾರಲ್ಲ.”

“ಎಲ್ಲಿ ಹೋಗ್ಯಾರ? ಕೈಯಾಗ ಚೀಲಾ ಹಿಡಕೊಂಡ ನಿಂತಾರ.”

ಮಾಯಕ್ಕ ಕತ್ತು ಹೊರಳಿಸಿ, ಹಕ್ಕಿ ಕಾಳು ನೋಡುವಂತೆ ಒಂದೇ ಕಣ್ಣಿನಿಂದ ಅವನನ್ನು ಹುಡುಕಿದಳು. ಸಿಕ್ಕಿದ ಮೇಲೆ ಮುಖವೆಲ್ಲ ಸಡಿಲಾಯಿತು. “ಬರ್ರಿ, ಕುಂದರ್ರಿ. ಆ ಕಡೆ ಬ್ಯಾಡ, ಈ ಕಡೆ ಕುಂದರ್ರಿ. ಎಡಕ್ಕ ಕುಂತ್ರ ನನಗ ಕಾಣಂಗಿಲ್ಲ.” ಅವನು ಕದಿರು ಎತ್ತಿಕೊಟ್ಟು ಬಲಕ್ಕೆ ಕುಳಿತ. ಪ್ರಮಿಳಾ ಚಹಾ ಇಡಲು ಒಳಗೆ ಹೋದಳು. ಮಾಯಕ್ಕ ಮಾತು ಶುರು ಮಾಡಿದಳು, ನಡುವೆ ಎರಡು ವರ್ಷ ಕಳೆದೇ ಇಲ್ಲವೆಂಬಂತೆ.

“ಶ್ರಾವಣ ಬಂತು, ನಿಮ್ಮ ಫೋನ್ ಬರ್ಲಿಲ್ಲ. ಇವತ್ತ ಬರತೈತಿ ನಾಳೆ ಬರತೈತಿ ಅಂತ ಎಂಟ್ ದಿನಾ ಫೋನ್ ಚಾರ್ಜಿಗೆ ಹಚ್ಚಕೊಂಡ ಬಾಜೂಕ ಕುಂತಿದ್ನಿ. ಪ್ರಮಿಳಾ ನೀವ ಮಾಡ್ರಿ ಅಂದ್ಲು. ನಾ ಅಂದ್ನಿ, ಅಯ್ಯಾರು ಇದ್ದಿದ್ರ ಬಿಡೂ ಮನಶ್ಯಾ ಅಲ್ಲ. ಅವರು ಹೋಗ್ಯಾರ. ಸತ್ತ ಮನಿಗೆ ಫೋನ್ ಮಾಡಿ ನನ್ನ ಸಕ್ಕರಿ ಯಾರ ಕೇಳ್ತೀರಿ ಅಂತ ಕೇಳಲೇನು?” ಎಳೆ ಹರಿದಿತ್ತು, ಹುಡುಕಿ ಮತ್ತೆ ಸೇರಿಸಿದಳು. “ಗುಳಿಗಿ ಇಲ್ಲೇ ಹಳೇ ಚೀಟಿ ತೋರಿಸಿ ತಗೋತಿದ್ನಿ. ಆ ವರ್ಷ ಮಾನವಮಿ ಅಮಾಸಿಗೆ ನಮ್ಮ ಹಿರೇರಿಗೆ ಎಡಿ ಹಿಡಿಯೂ ಮುಂದ ನಿಮ್ಮ ನೆನಪಾತು. ನಿಮಗ ಯಾರದಾರ ಎಡಿ ಹಿಡಿಯಾಕ? ಒಂದು ಎಡಿ ನಿಮಗೂ ತಗದ ಇಟ್ನಿ. ನಮ್ಮೋರದು ಬಾಡಿನ ಎಡಿ. ನೀವು ಅಯ್ಯಾರು ಅಂತ ಬ್ಯಾರೆ ಒಲಿ ಹಚ್ಚಿ ಹೋಳಗಿ ಮಾಡಿಸಿದ್ನಿ. ನಿಮಗ ಸಕ್ಕರಿ ಐತೋ ಇಲ್ಲೋ ಗೊತ್ತಿರಲಿಲ್ಲ, ಹೋಳಗಿ ಸಣ್ಣದ ಇಟ್ನಿ.” ತನ್ನ ಮಾತಿಗೆ ತಾನೇ ನಕ್ಕಳು. “ಹ್ವಾದ ವರ್ಷಾನೂ ಇಟ್ಟೀನಿ. ಎರಡ ಎಡಿ ಉಂಡೀರಿ ನಮ್ಮ ಮನ್ಯಾಗ.”

ಕಲ್ಲಯ್ಯನಿಗೆ ಅಳು ಬಂತು, ಅಳಲಿಕ್ಕೆ ಅರ್ಹತೆ ಇಲ್ಲದವನಿಗೆ ಬಂದ ಅಳು ಎಂದು ಅದನ್ನು ನುಂಗಿದ. ಚೀಲದೊಳಗೆ ಕಾರ್ಡು ಸ್ವಚ್ಛವಾಗಿ ಕೂತಿತ್ತು. ಕೊಟ್ಟು, ಚಹಾ ಕುಡಿದು, ಮುಂದಿನ ಅಮಾವಾಸ್ಯೆಗೆ ನಾನೇ ಬಂದು ಉಣ್ಣುತ್ತೇನೆಂದು ನಗಿಸಿ ಎದ್ದು ಹೋಗಬಹುದು. ಈ ಭೂಮಿಯ ಮೇಲೆ ತನ್ನನ್ನು ಸತ್ತಮೇಲೂ ನೆನೆದ ಒಂದೇ ಒಂದು ಜೀವವನ್ನು ಹಾಗೇ ಉಳಿಸಿಕೊಳ್ಳಬಹುದು. ಹೇಳಿದರೆ ಅದು ಹೋಗುತ್ತದೆ. ಬುಧವಾರ ಲೇಸರು. ಆಕೆ ಕತ್ತು ಹೊರಳಿಸಿಕೊಂಡು ಆ ಒಂದು ಕಣ್ಣಿನಿಂದ ತನ್ನನ್ನೇ ನೋಡುತ್ತಿದ್ದಳು, ಪ್ರೀತಿಯಿಂದ.

“ಮಾಯಕ್ಕಾರ, ನಾ ಒಂದ ಮಾತ ಹೇಳಬೇಕ್ರಿ.” ಹೇಳಿದ. ಕಾರ್ಡು, ಒದ್ದೆ ಬೂದಿ, ಮೇಲಿನ ಖಾನೆ, ಕೆಳಗಿನ ಖಾನೆ. ಪ್ರಮಿಳಾ ಚಹಾದ ಕಪ್ಪು ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು. ಮಾಯಕ್ಕ ಕೈ ಚಾಚಿ ಕಾರ್ಡು ಇಸಿದುಕೊಂಡು ಹೆಬ್ಬೆರಳಿನಿಂದ ಮೂಲೆ ಸವರಿದಳು.

“ಎಲ್ಲೈತಿ ಬೂದಿ?”

“ಒರಸೀನ್ರಿ. ಬಸ್ಸಿನ್ಯಾಗ.”

ಆಕೆಯ ಹೆಬ್ಬೆರಳು ಮೂಲೆಯಲ್ಲೇ ನಿಂತಿತು. “ಬೂದಿ ಹತ್ತಿದ್ದು ಕೈತಪ್ಪು. ಅದು ಬಿಡ್ರಿ. ಅವತ್ತ ಕಾರ್ಡ್ ಕೈಯಾಗ ಇತ್ತಲ್ಲ, ಫೋನ್ ಯಾಕ ಮಾಡ್ಲಿಲ್ಲ?”

ಇದನ್ನು ಆಕೆ ಕೇಳುತ್ತಾಳೆಂದು ಅವನು ಎಣಿಸಿರಲಿಲ್ಲ. ದವಾಖಾನೆಯಲ್ಲಿ ಯಾರಾದರೂ ಕೇಳಿದ್ದರೆ ಗದ್ದಲವಿತ್ತು ಎನ್ನಬಹುದಿತ್ತು. “ಹಿಂದಿನ ವರ್ಷ ನೀವು ಒಂದ ಮಾತ ಅಂದಿದ್ರಿ,” ಎಂದ.

“ಯಾವ ಮಾತು?”

“ನಿಮಗ ಯಾರದಾರ ಫೋನ್ ಮಾಡಾಕ ಅಂದಿದ್ರಿ. ಮನಸಿಗೆ ಹತ್ತಿತ್ತು. ನಾಳೆ ಮಾಡೂಣು ಅಂತ ಬಾಜೂಕ ಇಟ್ನಿ. ಮುಂದ ಕಾರ್ಡ್ ಕಾಣದಾಗ ಹುಡುಕಾಕೂ ಹೋಗ್ಲಿಲ್ಲ.”

ಮಾಯಕ್ಕನಿಗೆ ಆ ಮಾತು ಆಡಿದ್ದು ನೆನಪಿರಲಿಲ್ಲ. ನೆನಪಿಸಿಕೊಳ್ಳಲು ಯತ್ನಿಸುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು, ಸಿಗುತ್ತಿರಲಿಲ್ಲ. ನೆನಪೇ ಇಲ್ಲದ ಒಂದು ಮಾತಿಗೆ ತನ್ನ ಕಣ್ಣು ಹೋಯಿತೆಂಬುದನ್ನು ಆಕೆ ನಿಧಾನವಾಗಿ ತಿಳಿದುಕೊಂಡಳು. ಕಾರ್ಡನ್ನು ಮಗ್ಗುಲಿಗೆ ಇಟ್ಟಳು. ಕದಿರನ್ನೂ ಇಟ್ಟಳು. ಎರಡೂ ಕೈ ಕಟ್ಟೆಗೆ ಊರಿ, ಮಂಡಿನೋವಿಗೆ ನರಳುತ್ತ, ಕೂತಲ್ಲೇ ಇಡೀ ಮೈ ತಿರುಗಿಸಿ ಕುಳಿತಳು. ಈಗ ಕಲ್ಲಯ್ಯ ಆಕೆಯ ಎಡಗಡೆ ಆದ.

“ಸತ್ತೋರ ಮ್ಯಾಲೆ ಸಿಟ್ಟ ಮಾಡಬಾರದಂತ ಎರಡ ವರ್ಷ ಸುಮ್ಮಿದ್ನಿ,” ಎಂದಳು ಮನೆಯ ಗೋಡೆಯ ಕಡೆಗೆ. “ಈಗ ಇದ್ದೀರಲ್ಲ. ಹೋಗ್ರಿ.”

ಚಹಾ ಪ್ರಮಿಳಾಳ ಕೈಯಲ್ಲೇ ಉಳಿಯಿತು. ಕಲ್ಲಯ್ಯ ಎದ್ದು ಚಪ್ಪಲಿ ಮೆಟ್ಟಿದ. ಪ್ರಮಿಳಾ ಓಣಿಯ ತಿರುವಿನ ತನಕ ಬಂದು, ಬೆಳಗಾವಿಯ ಡಾಕ್ಟರು ಏನಾದರೂ ಕೇಳಿದರೆ ಬೇಕಾಗುತ್ತದೆಂದು ಅವನ ಸ್ವಂತ ನಂಬರು ಬರೆದುಕೊಂಡಳು. ದವಾಖಾನೆಯ ನಂಬರಿನ ಬದಲು ತನ್ನದನ್ನು ಹೇಳುವಾಗ ಅವನಿಗೆ ಎರಡು ಸಲ ಅಂಕಿ ತಪ್ಪಿತು, ಹೇಳಿ ರೂಢಿಯಿರಲಿಲ್ಲ. “ಅತ್ತಿ ಮಾತ ಮನಸಿಗೆ ಹಚ್ಚಕೋಬ್ಯಾಡ್ರಿ,” ಎಂದಳು, ಹಾಗೆಂದ ಮೇಲೆ ತಾನು ಏನೆಂದೆ ಎಂದು ಹೊಳೆದು ಸುಮ್ಮನಾದಳು. “ನೀವು ಬರೀ ಕಾರ್ಡ್ ಕೊಟ್ಟ ಹೋಗಿದ್ರ ಆಗತಿತ್ತು. ಯಾಕ ಹೇಳಿದ್ರಿ?” ಬುಧವಾರ ಲೇಸರ್ ಆದ ಮೇಲೆ ಮೂರು ತಿಂಗಳಿಗೊಮ್ಮೆ ಸಕ್ಕರೆ ನೋಡಿಸಿರೆಂದ, ಪಾದದ ಕಡೆಗೆ ಲಕ್ಷ್ಯವಿರಲಿ, ಬರಿಗಾಲಲ್ಲಿ ಅಡ್ಡಾಡಿಸಬೇಡಿರೆಂದ. ಆಕೆ ಎಲ್ಲದಕ್ಕೂ ತಲೆಯಾಡಿಸಿದಳು.

ಹಿಂದಿರುಗುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು, ನಾಳೆ ಡಾಕ್ಟರ್ ಸೃಷ್ಟಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡ. ಕಾರ್ಡು ಸಿಕ್ಕಿತ್ತು, ಸುಳ್ಳು ಹೇಳಿದೆ, ಬೂದಿ ಹಚ್ಚುವವನು ನಾನೇ. ಆಕೆ ಬೈಯುವುದಿಲ್ಲ. ಅದಕ್ಕೇ ಕಂಪ್ಯೂಟರ್ ತರಸಾಕತ್ತೇವಿ ಎನ್ನುತ್ತಾಳೆ, ಅದೂ ನಗುನಗುತ್ತ. ಅದನ್ನು ತಾಳಿಕೊಳ್ಳಬಹುದು. ಕಟ್ಟೆಯ ಮೇಲೆ ಒಂದು ಮುದಿ ಮೈ ನರಳುತ್ತ ತಿರುಗಿದ್ದನ್ನು ಹೇಗೆ ತಾಳಿಕೊಳ್ಳುವುದೋ ತಿಳಿಯಲಿಲ್ಲ. ಎಡಕ್ಕೆ ಕೂತರೆ ಕಾಣುವುದಿಲ್ಲ ಎಂದು ಆಕೆಯೇ ಹೇಳಿದ್ದಳು. ಮಚ್ಛೆಯಲ್ಲಿ ಒಬ್ಬಳು ಹೆಂಗಸು ಇಳಿದು ಸೀಟು ತೆರವಾಯಿತು. ಅವನು ಕೂರಲಿಲ್ಲ.

ಖೋಲಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಕೆಳಗೆ ಗಿರಣಿ ಬಂದಾಗಿತ್ತು, ಮೆಟ್ಟಿಲ ಮೇಲೆಲ್ಲ ಹಿಟ್ಟಿನ ಪುಡಿ. ಕಾಲು ತೊಳೆದು, ಮುಖ ತೊಳೆದು, ಹಣೆ ಒರೆಸಿಕೊಂಡು ಹಾಸಿಗೆಯ ಅಂಚಿಗೆ ಕುಳಿತ. ಊಟದ ನೆನಪಾಯಿತು, ಏಳಲಿಲ್ಲ. ಕಿಸೆಯಲ್ಲಿ ಫೋನು ಹೊಡೆದುಕೊಂಡಾಗ ಅದು ತನ್ನದೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹಲೋ ಎಂದ. ಆ ಕಡೆಯಿಂದ ಮೊದಲು ಕುಕ್ಕರಿನ ಸೀಟಿ ಕೇಳಿಸಿತು.

“ಮುಟ್ಟಿದ್ರೇನು?” ಮಾಯಕ್ಕನ ದನಿ, ಗಡುಸಾಗಿ.

“ಮುಟ್ಟೇನ್ರಿ.”

“ಉಂಡ್ರಿ?”

“ಉಣ್ಣಬೇಕ್ರಿ.”

ಕಲ್ಲಯ್ಯ ಫೋನು ಹಿಡಿದು ಎದ್ದು ನಿಂತಿದ್ದ. ಇಷ್ಟು ವರ್ಷ ಈ ತುದಿಯಲ್ಲಿ ನಿಂತು ಗೊತ್ತಿರಲಿಲ್ಲ, ಕೇಳಿಸಿಕೊಳ್ಳುವವನು ಏನು ಅನ್ನಬೇಕೋ ಹೊಳೆಯುತ್ತಿರಲಿಲ್ಲ.

“ನಿಮ್ಮ ಕಾರ್ಡ್ ಯಾವ ಖಾನ್ಯಾಗ ಐತಿ?” ಎಂದು ಆಕೆ ಕೇಳಿದಳು.

“ನಂದ ಕಾರ್ಡ್ ಇಲ್ರಿ.”

“ಸಕ್ಕರಿ, ಬೀಪಿ, ಯಾವುದೂ ತೋರಸಿಲ್ಲ?”

“ಇಲ್ರಿ.”

“ಇಪ್ಪತ್ತ ವರ್ಷ ಊರ ಮಂದಿನ್ನೆಲ್ಲಾ ಕರದ್ರಿ.” ಆಕೆ ಉಸಿರು ಬಿಟ್ಟದ್ದು ಕೇಳಿಸಿತು. “ಹಂಗಾದ್ರ ನೀವು ಹ್ವಾದದ್ದು ಯಾರಿಗೆ ಗೊತ್ತಾಗತಿತ್ತು? ನನಗೊಬ್ಬಾಕಿಗೆ ಗೊತ್ತಾಗಿತ್ತು. ಅದೂ ಸುಳ್ಳಾತು.”

ಕಿವಿಯ ಹತ್ತಿರ ಫೋನು ಕುಂಯ್ ಎಂದಿತು, ಚಾರ್ಜು ಮುಗಿಯುತ್ತ ಬಂದಿತ್ತು.

“ನನ್ನ ಸಿಟ್ಟು ಇಳದಿಲ್ಲ ಅಯ್ಯಾರ. ಇಳೀತೈತೋ ಇಲ್ಲೋ ಗೊತ್ತಿಲ್ಲ. ನಾಳೆ ಮುಂಜಾನೆ ಉಣಲಾರದ ಹೊಟ್ಟೀಲೆ ರಕ್ತ ಕೊಟ್ಟ ತಪಾಸಣಿ ಮಾಡಸ್ರಿ. ಮಾಡಿಸಿದ್ರೋ ಇಲ್ಲೋ ಕೇಳಾಕ ನಾಳೆ ಫೋನ್ ಮಾಡ್ತೀನಿ.”

“ಮಾಡ್ರಿ,” ಎಂದ. ಅಷ್ಟರೊಳಗೆ ಆಕೆ ಇಟ್ಟುಬಿಟ್ಟಿದ್ದಳು.

ಕಲ್ಲಯ್ಯ ಗೋಡೆಯ ಮಾಡದ ಅಡಿಯಲ್ಲಿ ಬಿದ್ದಿದ್ದ ಚಾರ್ಜರು ಹುಡುಕಿ ತಂದು ಫೋನಿಗೆ ಹಚ್ಚಿದ. ಪ್ಲಗ್ಗಿನ ಗುಂಡಿ ಒತ್ತಿದನೋ ಇಲ್ಲವೋ ಎಂದು ಎರಡು ಸಲ ನೋಡಿದ.